ಸಹಾಯ ಬೇಕು: ಹೊರದೇಶದ ಸಭೆಯಲ್ಲಿ ದಂಪತಿಗಳ ಕಾರ್ಯಾಗಾರ

ಎಲ್ಲರಿಗೂ ಕರ್ತನಲ್ಲಿ ವಂದನೆ. ಮುಂದಿನ ತಿಂಗಳು ನಾನು, ನಮ್ಮ ಯಜಮಾನರು ಹೊರದೇಶದ ಒಂದು ಕ್ರೈಸ್ತ ಸಭೆಗೆ ಹೋಗುತ್ತಿದ್ದೇವೆ. ಎರಡು ದಿನ ಹೆಂಗಸರಿಗೆ, ಒಂದು ದಿನ ದಂಪತಿಗಳಿಗೆ ಕಾರ್ಯಾಗಾರ. ಪ್ರವಾಸಿ ವೀಸಾದಲ್ಲಿ ಬೋಧನೆ ಮಾಡಲು ಎಷ್ಟೋ ದೇಶಗಳು ಬಿಡುವುದಿಲ್ಲ. ಆಹ್ವಾನ ಪತ್ರದಲ್ಲಿ ಏನೇನು ಬರೆಸಬೇಕು?

ಅದಕ್ಕಿಂತ ಜಾಸ್ತಿ ಚಿಂತೆ ದಂಪತಿಗಳ ದಿನದ್ದು. ದುಭಾಷಿ ಇದ್ದರೆ ಒಂದು ಗಂಟೆಯಲ್ಲಿ ನಮಗೆ ಸಿಗುವುದು ಅರ್ಧ ಗಂಟೆ, ಅಲ್ವಾ? ಬೈಬಲಿನ ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯದ ಗಂಡ ಹೆಂಡತಿ ಅಕ್ವಿಲ, ಪ್ರಿಸ್ಕಿಲ್ಲರ ಕಥೆ ಆರಿಸಿಕೊಂಡಿದ್ದೇನೆ. ಇಬ್ಬರೂ ಗುಡಾರ ಮಾಡುತ್ತಿದ್ದರು, ಇಬ್ಬರೂ ಸೇರಿ ಅಪೊಲ್ಲೋಸನೆಂಬ ಬೋಧಕನಿಗೆ ಕಲಿಸಿದರು. ನನಗೆ ತುಂಬಾ ಇಷ್ಟದ ಜೋಡಿ. ಆದರೆ ಹೋದ ಸಲ ಒಬ್ಬ ಅಕ್ಕ ಗಂಡನ ಪಕ್ಕ ಕೂತು ಕರ್ಚೀಫ್ ಹಿಂಡುತ್ತಲೇ ಇದ್ದರು, ಬಾಯಿ ಬಿಡಲಿಲ್ಲ. ಅಂಥವರನ್ನು ನೋಯಿಸದೆ ಮಾತಾಡಿಸುವುದು ಹೇಗೆ? ಅನುಭವ ಇರುವವರು ದಯವಿಟ್ಟು ತಿಳಿಸಿ.