ಕಾದಂಬರಿ ಬರೆದಾಯ್ತು, ಈಗ ಏಜೆಂಟ್ ಹುಡುಕಬೇಕಾ?

ಕಣದ ಕಾವಲುಗಾರ:
ಪೊನ್ನಂಪೇಟೆ ಕಡೆಯವನು ನಾನು. ಮೂರು ವರ್ಷ ಕೂತು ಕಾದಂಬರಿ ಬರೆದಿದ್ದೇನೆ, ಟೈಪ್ ಆದಾಗ 240 ಪುಟ. ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಬೆಳೆದ ಹುಡುಗಿಯ ಕಥೆ. ಮನೆಯವರು, ನಾಲ್ಕು ಜನ ಸ್ನೇಹಿತರು ಓದಿ 'ಸೂಪರ್' ಅಂದರು. ಇಬ್ಬರಂತೂ ಓದೇ ಇಲ್ಲ, ಹುಡುಗಿಯ ಹೆಸರು ಕೇಳಿದರೆ ತಡವರಿಸಿದರು. ನಿಜ ಹೇಳುವವರು ಎಲ್ಲಿ ಸಿಗುತ್ತಾರೆ? ಪುಸ್ತಕ ಮಾಡಿಸೋಕೆ ನಮ್ಮ ಪರವಾಗಿ ಪ್ರಕಾಶಕರ ಹತ್ತಿರ ಮಾತಾಡುವ ಏಜೆಂಟ್ ಬೇಕು ಅಂತಾರಲ್ಲ, ಹೌದಾ?

ಕಾಳುಮೆಣಸು:
ಕನ್ನಡದಲ್ಲಿ ಆ ಪದ್ಧತಿ ಇಲ್ಲ ಅಂತಲೇ ಇಟ್ಟುಕೊಳ್ಳಿ. ಲೆಕ್ಕ ಹಾಕಿ ನೋಡಿ. 250 ರೂಪಾಯಿ ಪುಸ್ತಕ, ಸಾವಿರ ಪ್ರತಿ, ಲೇಖಕರಿಗೆ ಬೆಲೆಯಲ್ಲಿ ಶೇ 10 ಪಾಲು, ಅಂದರೆ ರಾಯಲ್ಟಿ. ಪೂರ್ತಿ ಖರ್ಚಾದರೆ ನಿಮಗೆ 25,000. ಏಜೆಂಟ್ ಪಾಲು ಸಾಮಾನ್ಯವಾಗಿ ಶೇ 15, ಅಂದರೆ 3,750. ಇಷ್ಟಕ್ಕೆ 240 ಪುಟ ಓದಿ, ಪ್ರಕಾಶಕರ ಹತ್ತಿರ ಅಲೆದು, ಕರಾರು ತಿದ್ದುವವರು ಯಾರಿದ್ದಾರೆ ಮಾರಾಯ್ರೆ? ನೀವೇ ಪ್ರಕಾಶಕರಿಗೆ ಬರೆಯಿರಿ. ಮೊದಲ ಮೂರು ಅಧ್ಯಾಯ, ಒಂದು ಪುಟದ ಸಾರಾಂಶ ಸಾಕು.

ಹೂಮಳೆ:
ಏಜೆಂಟ್ ಅಂತ ಹೇಳಿಕೊಂಡು ಫೋನ್ ಮಾಡುವವರು ಮಾತ್ರ ಇದ್ದಾರೆ! ನಾನು ಒಬ್ಬರಿಗೆ 35,000 ಕೊಟ್ಟೆ. ತಿದ್ದುತ್ತೇವೆ, ಅಚ್ಚು ಹಾಕಿಸುತ್ತೇವೆ, ಊರೂರಿಗೆ ತಲುಪಿಸುತ್ತೇವೆ ಅಂದರು. ಬಂದಿದ್ದು 50 ಪ್ರತಿ, 17ನೇ ಪುಟ ಎರಡು ಸಲ ಅಚ್ಚಾಗಿದೆ, 18 ಇಲ್ಲವೇ ಇಲ್ಲ. ಈಗಲೂ ಅಟ್ಟದಲ್ಲಿ ಮೆಣಸಿನ ಚೀಲದ ಪಕ್ಕ ಇವೆ. ನಿಜವಾದ ಏಜೆಂಟ್ ಓದೋಕೆ ಅಂತ ದುಡ್ಡು ಕೇಳಲ್ಲ, ಪುಸ್ತಕ ಮಾರಾಟವಾದ ಮೇಲೆ ಅದರಲ್ಲಿ ತನ್ನ ಪಾಲು ತಗೊಳ್ತಾನೆ. ಇದು ಗೊತ್ತಾಗುವಷ್ಟರಲ್ಲಿ ದುಡ್ಡು ಹೋಗಿತ್ತು.

ಕುಶಾಲನಗರ ಲಾಸ್ಟ್ ಬಸ್:
ಕಾಳುಮೆಣಸು, ಯಾಕೆ ಇಷ್ಟು ಸಣ್ಣದಾಗಿ ಯೋಚಿಸ್ತೀರಾ? 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಇಂಗ್ಲಿಷಿಗೆ ತಂದವರು ನಮ್ಮ ಮಡಿಕೇರಿಯ ದೀಪಾ ಭಾಸ್ತಿ. 50,000 ಪೌಂಡ್, ಇಬ್ಬರಿಗೂ ಸಮಪಾಲು. ಹೊರಗೆ ಹೋಗಬೇಕು ಅಂದರೆ ಏಜೆಂಟ್ ಬೇಕೇ ಬೇಕು.

ಕಾಳುಮೆಣಸು:
ಸ್ವಲ್ಪ ತಡೀರಿ. ಆ ಕಥೆಗಳು 1990ರಿಂದ 2023ರ ತನಕ ಬರೆದವು. ಮೊದಲು ಇಲ್ಲಿ ಓದಿಸಿಕೊಂಡವು, ಆಮೇಲೆ ಒಬ್ಬ ಒಳ್ಳೆಯ ಅನುವಾದಕಿ ಸಿಕ್ಕರು. ಇಂಗ್ಲಿಷ್ ಏಜೆಂಟ್ ಕನ್ನಡ ಹಸ್ತಪ್ರತಿ ಇಟ್ಟುಕೊಂಡು ಏನು ಮಾಡಬೇಕು, ಅವರಿಗೆ ಓದೋಕೇ ಬರಲ್ಲ. ಸುಮ್ನೆ ಹುಡುಗನ ತಲೆ ಕೆಡಿಸಬೇಡಿ.

ಕುಶಾಲನಗರ ಲಾಸ್ಟ್ ಬಸ್:
ಒಂದೆರಡು ಅಧ್ಯಾಯ ಅನುವಾದ ಮಾಡಿಸಿ ಕಳಿಸಬಹುದಲ್ವಾ? ಕೇಳೋದ್ರಲ್ಲಿ ಏನು ತಪ್ಪು. ಮೂವತ್ತು ವರ್ಷ ಕಾಯಿರಿ ಅಂತ ಹೇಳೋದು ಸುಲಭ.

ಶನಿವಾರಸಂತೆ ಟೀಚರ್:
ಇಬ್ಬರೂ ಜಗಳ ಆಡ್ತಾ ಇರಿ. ತಮ್ಮಾ, ನೀನು ಕೇಳಿದ ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. 'ಹೇಗಿದೆ' ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳ್ತಾರೆ, ಎದುರಿಗೆ ಕಾಫಿ ಬೇರೆ ಕೊಟ್ಟಿರ್ತೀಯ. 'ಎಲ್ಲಿ ಓದೋದು ನಿಲ್ಲಿಸಿದಿರಿ' ಅಂತ ಕೇಳು. ಮೂರು ಜನ ಒಂದೇ ಪುಟ ತೋರಿಸಿದರೆ ಆ ಪುಟ ಕೆಟ್ಟಿದೆ. ಅದನ್ನ ಹೇಗೆ ಸರಿ ಮಾಡೋದು ಅಂತ ಅವರನ್ನ ಕೇಳಬೇಡ, ಅದು ನಿನ್ನ ಕೆಲಸ. ಬೇಕಾದರೆ ಮೊದಲ ಹತ್ತು ಪುಟ ನನಗೆ ಕಳಿಸು.

ಕಣದ ಕಾವಲುಗಾರ:
ಕಳಿಸಿದೆ ಟೀಚರ್. ಬೈದರೂ ಪರವಾಗಿಲ್ಲ.

ಶನಿವಾರಸಂತೆ ಟೀಚರ್:
ಓದಿದೆ. ಎಲ್ಲರೆದುರೇ ಹೇಳಲಾ? ನಾಲ್ಕನೇ ಪುಟದ ತನಕ ಬರೀ ಮಂಜು, ಮಳೆ, ಬೆಟ್ಟ. ನಾನು ಅಲ್ಲೇ ನಿಲ್ಲಿಸಿ ಅಕ್ಕಿ ತೊಳೆಯೋಕೆ ಹೋದೆ. ಐದನೇ ಪುಟದಲ್ಲಿ ಆ ಹುಡುಗಿ ಗೋಣಿಚೀಲ ತೂಗುವಾಗ ತೋಟದ ಲೆಕ್ಕ ಬರೆಯುವ ರೈಟರ್ ತಕ್ಕಡಿಗೆ ಕಾಲು ತಾಗಿಸ್ತಾನೆ ನೋಡು, ಅವಳು ನೋಡಿಯೂ ಸುಮ್ಮನಿರ್ತಾಳೆ. ಕಥೆ ಶುರುವಾಗೋದು ಅಲ್ಲಿ. ಇನ್ನೊಂದು, ಗಿಡದಲ್ಲಿ ಹಣ್ಣೂ ಇದೆ, ಹೂವೂ ಇದೆ. ಕುಯ್ಲಿನ ಹೊತ್ತಲ್ಲಿ ಹೂ ಎಲ್ಲಿಂದ ಬಂತು?

ಹೂಮಳೆ:
ಟೀಚರ್, ಅದು ಸರಿಯಾಗೇ ಇದೆ! ಜನವರಿಯಲ್ಲಿ ಅಕಾಲದ ಮಳೆ ಬಿದ್ದರೆ ರೊಬಸ್ಟ ಕಾಫಿ ಗಿಡದಲ್ಲಿ ಹಣ್ಣು ಇರುವಾಗಲೇ ಹೂ ಅರಳುತ್ತೆ. ಕುಯ್ಯೋಕೆ ಹೋದರೆ ಹೂ ಉದುರುತ್ತೆ, ಬಿಟ್ಟರೆ ಹಣ್ಣು ಉದುರುತ್ತೆ. ನಮ್ಮ ತೋಟದಲ್ಲೇ ಆಗಿದೆ.

ಶನಿವಾರಸಂತೆ ಟೀಚರ್:
ಹಾಗಿದ್ದರೆ ಆ ಮಳೆಯನ್ನ ಬರೀಬೇಕಲ್ವಾ. ನಾಲ್ಕು ಪುಟ ಮಳೆ ಸುರಿಸಿದ್ದಾನೆ, ಬೇಕಾದ ಮಳೆ ಮಾತ್ರ ಬಂದಿಲ್ಲ.

ಕಾಳುಮೆಣಸು:
😂 ಇದನ್ನ ಯಾವ ಏಜೆಂಟ್ ಹೇಳ್ತಾನೆ. ತಿದ್ದಿದ ಮೇಲೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಯೋಜನೆ ನೋಡಿ, ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಪ್ರೋತ್ಸಾಹಧನ ಕೊಡ್ತಾರೆ. ಅರ್ಜಿ ಕರೆದಾಗ ವಯಸ್ಸಿನ ಮಿತಿ ಓದಿಕೊಳ್ಳಿ. ಅಷ್ಟರಲ್ಲಿ ಒಂದು ಅಧ್ಯಾಯ ಬಿಡಿಸಿ ಸಣ್ಣಕಥೆ ಮಾಡಿ ಪ್ರಜಾವಾಣಿ ದೀಪಾವಳಿ ಕಥಾಸ್ಪರ್ಧೆಗೆ ಕಳಿಸಿ. ಬಹುಮಾನ ಬರದಿದ್ದರೂ ಕಥೆ ಮುಗಿಸೋ ಅಭ್ಯಾಸ ಆಗುತ್ತೆ.

ಕಣದ ಕಾವಲುಗಾರ:
ಟೀಚರ್, ಆ ನಾಲ್ಕು ಪುಟಕ್ಕೇ ಆರು ತಿಂಗಳು ಹಿಡಿದಿತ್ತು. ನಿನ್ನೆ ರಾತ್ರಿ ತೆಗೆದೆ. ಪೂರ್ತಿ ಅಳಿಸೋಕೆ ಮನಸ್ಸು ಬರಲಿಲ್ಲ, ಬೇರೆ ಫೈಲಲ್ಲಿ ಇಟ್ಟಿದ್ದೇನೆ. ತಕ್ಕಡಿಯಿಂದ ಶುರು ಮಾಡಿ ಮತ್ತೆ ಹತ್ತು ಪುಟ ಕಳಿಸ್ತೀನಿ. ಕುಯ್ಲು ಮುಗಿಯೋ ತನಕ ಟೈಮ್ ಕೊಡಿ, ಈ ಸಲ ಆಳುಗಳೇ ಸಿಕ್ಕಿಲ್ಲ.