‘ಸಾಲಿಸಿಟರ್’: ಮಳಿಗೆಯ ಕರಾರಿನ ಕೈಪಿಡಿಗೆ ಕನ್ನಡದ ಪದ ಬೇಕಾಗಿದೆ

ಪ್ರಶ್ನೆ

ಮಾನ್ಯರೇ, ಇಂಗ್ಲೆಂಡಿನಲ್ಲಿ ಅಂಗಡಿಗೋ ಹೋಟೆಲಿಗೋ ಮಳಿಗೆ ಹಿಡಿಯುವ ಕನ್ನಡಿಗರಿಗಾಗಿ ಒಂದು ಕೈಪಿಡಿಯನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆ ಅದು ಅಚ್ಚಿಗೆ ಹೋಗಬೇಕು. ‘ಲೀಸಿಗೆ ಸಹಿ ಹಾಕುವ ಮೊದಲು ನಿಮ್ಮದೇ ಸಾಲಿಸಿಟರ್ ಒಬ್ಬರನ್ನು ನೇಮಿಸಿಕೊಳ್ಳಿ’ ಎಂಬುದು ಅದರ ಮೊದಲ ಸಲಹೆ. ಸಾಲಿಸಿಟರ್ ಎಂದರೆ ಕೋರ್ಟಿನಲ್ಲಿ ವಾದಿಸುವುದಕ್ಕಿಂತ ಹೆಚ್ಚಾಗಿ ಕಾಗದಪತ್ರ ನೋಡಿ ಕರಾರು ಮಾಡಿಸಿಕೊಡುವವರು. ‘ವಕೀಲ’ ಎಂದರೆ ಓದುವವರು ಕೋರ್ಟನ್ನು ನೆನೆದು, ತಮಗೆ ವ್ಯಾಜ್ಯವೇನೂ ಇಲ್ಲವಲ್ಲ ಎಂದು ಪುಟ ಮಗುಚಿಬಿಟ್ಟಾರು. ‘ನ್ಯಾಯವಾದಿ’ಯಲ್ಲಂತೂ ವಾದವೇ ಎದ್ದು ಕಾಣುತ್ತದೆ. ತಕ್ಕ ಪದವನ್ನು ಸೂಚಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

‘ವಕೀಲ’ ಅರಬ್ಬಿಯದು, ‘ನ್ಯಾಯವಾದಿ’ ಸಂಸ್ಕೃತದ್ದು, ‘ಸಾಲಿಸಿಟರ್’ ಲ್ಯಾಟಿನ್ ಮೂಲದ್ದು. ಕನ್ನಡದ್ದೇ ಬೇರುಗಳಿಂದ ‘ಕಟ್ಟಳೆಯರಿಗ’ ಎಂದು ಸಲೀಸಾಗಿ ಕಟ್ಟಬಹುದಾಗಿರುವಾಗ ಮೂವರ ಮನೆ ಬಾಗಿಲಿಗೂ ಹೋಗಿ ನಿಲ್ಲುವ ಅಗತ್ಯವಿಲ್ಲ. ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ.

ಎರಡನೆಯ ಉತ್ತರ

ಚರ್ಚಿಸುವಂಥದ್ದು ಬೇಕಾದಷ್ಟಿದೆ. ಕಟ್ಟಳೆಯನ್ನು ಅರಿತವರು ನ್ಯಾಯಾಧೀಶರೂ ಹೌದು, ಅಲ್ಲಿನ ಕೋರ್ಟುಗಳಲ್ಲಿ ವಾದಿಸುವ ಬ್ಯಾರಿಸ್ಟರರೂ ಹೌದು. ಭಾರತದಲ್ಲಿ 1961ರ ವಕೀಲರ ಕಾಯ್ದೆ ಒಂದೇ ವರ್ಗವನ್ನು ಮಾನ್ಯ ಮಾಡಿತು. ಮುಂಬಯಿ, ಕಲ್ಕತ್ತ ಹೈಕೋರ್ಟುಗಳಲ್ಲಿ ಉಳಿದಿದ್ದ ಅಟಾರ್ನಿಗಳ, ಅಂದರೆ ಸಾಲಿಸಿಟರರಂಥವರ, ಪ್ರತ್ಯೇಕ ವರ್ಗವನ್ನೂ 1976ರ ತಿದ್ದುಪಡಿ ತೆಗೆದುಹಾಕಿತು. ಹಾಗಾಗಿ ವಾದಿಸುವವರು, ಕಾಗದಪತ್ರ ನೋಡುವವರು ಎಂಬ ಭೇದವನ್ನು ಹೇಳುವ ಪದ ನಮಗೆ ಬೇಕಾಗಲೇ ಇಲ್ಲ. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಗಳ ಬಳಿ ಕೂರುವ ‘ಪತ್ರ ಬರಹಗಾರ’ರ ಹೆಸರೂ ಇಲ್ಲಿಗೆ ಒಗ್ಗದು, ಏಕೆಂದರೆ ಸಾಲಿಸಿಟರ್ ಬರೆದುಕೊಡುವುದಕ್ಕಿಂತ ಹೆಚ್ಚಾಗಿ ಕೆದಕಿ ನೋಡುತ್ತಾರೆ.

ಇಂಗ್ಲೆಂಡಿನ ಒಂದೇ ಒಂದು ಕಾಗದವನ್ನು ನೋಡಿ. 1954ರ ಮಾಲೀಕ ಮತ್ತು ಬಾಡಿಗೆದಾರರ ಕಾಯ್ದೆಯಂತೆ, ಅವಧಿ ಮುಗಿದ ಮೇಲೆ ಕರಾರನ್ನು ನವೀಕರಿಸಿಕೊಳ್ಳಲು ಕೋರುವ ಹಕ್ಕು ವ್ಯಾಪಾರಿಗೆ ಸಾಮಾನ್ಯವಾಗಿ ಇರುತ್ತದೆ. ಅದನ್ನು ಬಿಟ್ಟುಕೊಡಿಸಬೇಕೆಂದರೆ ಮಾಲೀಕರು ನಿಗದಿತ ನಮೂನೆಯ ಎಚ್ಚರಿಕೆಯ ನೋಟಿಸನ್ನು ಮೊದಲೇ ಕೊಡಬೇಕು. ಕರಾರಿಗೆ ಬದ್ಧರಾಗಲು 14 ದಿನಗಳಿಗಿಂತ ಕಡಿಮೆ ಉಳಿದಿರುವಾಗ ಆ ನೋಟಿಸು ಕೈಸೇರಿದರೆ ಬಾಡಿಗೆದಾರರು ಪ್ರಮಾಣ ಮಾಡಿ ಘೋಷಣೆಯನ್ನು ಬರೆದುಕೊಡಬೇಕು. ಬೀಗದ ಕೈ ಸಿಕ್ಕರೆ ಸಾಕೆಂಬ ಆತುರದಲ್ಲಿ ಅದಕ್ಕೆ ಸಹಿ ಹಾಕಿದವರು, ವರ್ಷಗಟ್ಟಲೆ ಗಿರಾಕಿಗಳನ್ನು ಕೂಡಿಸಿದ ಜಾಗವನ್ನು ಅವಧಿಯ ಕೊನೆಗೆ ಬಿಟ್ಟೇಳಬೇಕಾದೀತು. ಇದನ್ನು ತಡೆದು ಹೇಳುವವರು ಯಾರೆಂಬುದು ಓದುಗರಿಗೆ ತಪ್ಪಿಲ್ಲದೆ ತಿಳಿಯಬೇಕು. ಅಲ್ಲಿನ 1974ರ ಸಾಲಿಸಿಟರರ ಕಾಯ್ದೆಯಂತೆ ಅರ್ಹತೆಯಿಲ್ಲದವರು ತಮ್ಮನ್ನು ಸಾಲಿಸಿಟರ್ ಎಂದು ಹೇಳಿಕೊಳ್ಳುವುದೇ ಅಪರಾಧ. ಅವರ ಹೆಸರನ್ನು ನಿಯಂತ್ರಣ ಪ್ರಾಧಿಕಾರದ ಪಟ್ಟಿಯಲ್ಲಿ ಹುಡುಕುವುದೂ ಇದೇ ಬಿರುದಿನಿಂದ. ‘ಕಟ್ಟಳೆಯರಿಗ’ರನ್ನು ಯಾವ ಪಟ್ಟಿಯಲ್ಲಿ ಹುಡುಕಲಿ?

ಆದರೆ ‘ಲೀಸ್’ ಪದವನ್ನು ದಯವಿಟ್ಟು ಕೈಬಿಡಿ. ಬೆಂಗಳೂರಿನವರಿಗೆ ಅದು ‘ಭೋಗ್ಯ’, ಅಂದರೆ ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಅದನ್ನು ಹಿಂದಕ್ಕೆ ಪಡೆಯುವ ಏರ್ಪಾಡು. ‘ಸಾಲಿಸಿಟರ್’ಗೆ ಕನ್ನಡದಲ್ಲಿ ಹಳೆಯ ಅರ್ಥವಿಲ್ಲ, ‘ಲೀಸ್’ಗೆ ಇದೆ. ಅಲ್ಲಿ ‘ಗುತ್ತಿಗೆ’ಯೇ ಸರಿ.

ಮೊದಲ ಉತ್ತರ ಬರೆದವರಿಂದ

‘ಗುತ್ತಿಗೆ’ಯನ್ನು ಒಪ್ಪಿದೆ. ಉಳಿದದ್ದನ್ನು ಒಪ್ಪಲಾರೆ. ಬಿರುದನ್ನು ಒಮ್ಮೆ ಹೇಳಿ, ಮುಂದೆಲ್ಲ ‘ಕಟ್ಟಳೆಯರಿಗ’ ಎಂದು ಬರೆಯಲು ಯಾವ ಕಾಯ್ದೆಯೂ ಅಡ್ಡಬರುವುದಿಲ್ಲ. ಬಳಸದೆ ಯಾವ ಪದವೂ ಬೇರು ಬಿಡುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ಒಬ್ಬರಿಗೇ ಎರಡು ಹೆಸರಿಟ್ಟರೆ ಇಬ್ಬರನ್ನು ನೇಮಿಸಬೇಕೇನೋ ಎಂಬ ಗೊಂದಲವಾದೀತು. ಆದ್ದರಿಂದ ಮೊದಲ ಸಲ ‘ಸಾಲಿಸಿಟರ್, ಅಂದರೆ ಆಸ್ತಿಯ ಕಾಗದಪತ್ರ ಪರಿಶೀಲಿಸಿ ಕರಾರು ಮಾಡಿಸಿಕೊಡುವ ವಕೀಲರು’ ಎಂದೂ ಮುಂದೆ ‘ಸಾಲಿಸಿಟರ್’ ಎಂದೂ ಬರೆದಿದ್ದೇನೆ. ಹಣ ಸಂದಾಯವಾಗಿ ಮಳಿಗೆ ಕೈಗೆ ಬರುವ ‘ಕಂಪ್ಲೀಷನ್’ಗೆ ‘ಸ್ವಾಧೀನದ ದಿನ’ ಎಂದು ಹಾಕಿದ್ದೇನೆ. ಆಕ್ಷೇಪಣೆಯಿದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಬೇಕು.