ಆರು ತಿಂಗಳು ಬಾಕ್ಸಿಂಗ್ ಕಲಿತರೆ ಬೀದಿ ಜಗಳದಲ್ಲಿ ಕೈ ಏಳುತ್ತಾ? ಅನುಭವ ಇದ್ದವರು ಹೇಳಿ

ಕೇಳಿದವರು: ತುಮಕೂರು, ವಯಸ್ಸು 26

ಎಲ್ಲರಿಗೂ ನಮಸ್ಕಾರ. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ನನ್ನ ಕೆಲಸ. ಸೆಕೆಂಡ್ ಶಿಫ್ಟ್ ಮುಗಿಸಿ ಮನೆ ಸೇರುವಾಗ ರಾತ್ರಿ ಹನ್ನೊಂದೂವರೆ ದಾಟಿರುತ್ತೆ. ಹೋದ ತಿಂಗಳು ಶಿರಾ ಗೇಟ್ ಹತ್ತಿರ ನನ್ನ ಬೈಕಿನ ಹ್ಯಾಂಡಲ್ ಒಂದು ಕಾರಿನ ಕನ್ನಡಿಗೆ ತಾಗಿತು. ಕನ್ನಡಿ ಒಡೆದಿರಲಿಲ್ಲ. ಆದರೂ ಇಬ್ಬರು ಇಳಿದು ಬಂದರು. ಒಬ್ಬ ಕೊರಳಪಟ್ಟಿ ಹಿಡಿದ. ಇನ್ನೊಬ್ಬ ಕಪಾಳಕ್ಕೆ ಎರಡು ಬಿಟ್ಟ. ನಾನು ಸುಮ್ನೆ ನಿಂತಿದ್ದೆ. ಕೈ ಏಳಲೇ ಇಲ್ಲ. ಬಾಯಿಂದ ಮಾತೂ ಬರಲಿಲ್ಲ. ಅವರು ಹೋದ ಮೇಲೆ ಕಿಕ್ಕರ್ ಒದೆಯೋಕೆ ಹೋದರೆ ಕಾಲು ನಡುಗುತ್ತಿತ್ತು.

ಏಟಿನ ನೋವು ಮಾರನೇ ದಿನಕ್ಕೇ ಹೋಯಿತು. ಆದರೆ ಹಾಗೆ ಮರಗಟ್ಟಿ ನಿಂತಿದ್ದು ಇನ್ನೂ ಕಾಡುತ್ತಿದೆ. ಬಾಕ್ಸಿಂಗ್, ಕಿಕ್ ಬಾಕ್ಸಿಂಗ್, ಕರಾಟೆ, ಯಾವುದಾದರೂ ಆರು ತಿಂಗಳು ಕಲಿತರೆ ಇಂಥ ಹೊತ್ತಲ್ಲಿ ಕೆಲಸಕ್ಕೆ ಬರುತ್ತಾ? ಕಲಿತವರು, ಬೀದಿಯಲ್ಲಿ ನಿಜವಾಗಿ ಹೊಡೆದಾಡಿದವರು ದಯವಿಟ್ಟು ಹೇಳಿ.

ಬಟವಾಡಿಯಿಂದ, ಬಾಕ್ಸಿಂಗ್ ಕಲಿಸುವವರು

ತಮ್ಮಾ, ನೀನು ಮರಗಟ್ಟಿ ನಿಂತಿದ್ದಕ್ಕೆ ನಾಚಿಕೆ ಪಡಬೇಡ. ರಿಂಗ್‌ನಲ್ಲಿ ಮೊದಲ ಸಲ ಮೂಗಿಗೆ ಏಟು ಬಿದ್ದಾಗ ನಾನೂ ಹಾಗೇ ನಿಂತಿದ್ದೆ. ಕಣ್ಣಲ್ಲಿ ನೀರು ತಾನಾಗಿ ಸುರೀತು. ಎರಡೂ ಕೈ ಕೆಳಗೆ ಬಿದ್ದವು. ಕೋಚ್ ಹೊರಗಿನಿಂದ ಕೂಗ್ತಾ ಇದ್ದರು, ನನಗೆ ಒಂದಕ್ಷರ ಕೇಳಿಸಲಿಲ್ಲ. ಅದಕ್ಕೂ ಮುಂಚೆ ನಾಲ್ಕು ತಿಂಗಳು ದಿನಾ ಚೀಲ ಗುದ್ದಿದ್ದೆ. ಚೀಲ ತಿರುಗಿ ಹೊಡೆಯಲ್ಲ ಅಲ್ವಾ.

ಭಯ ಆದಾಗ ಮೈಯಲ್ಲಿ ಅಡ್ರಿನಲಿನ್ ನುಗ್ಗುತ್ತೆ. ಎದೆ ಹೊಡ್ಕೊಳ್ಳುತ್ತೆ, ಎದುರಿಗಿರೋದು ಮಾತ್ರ ಕಾಣುತ್ತೆ, ಅಕ್ಕಪಕ್ಕ ಕಾಣಲ್ಲ. ಬೆರಳಿನ ನಾಜೂಕು ಕೆಲಸ ಕೈಕೊಡುತ್ತೆ, ಕೀ ತೂತಿಗೆ ಹಾಕೋಕೂ ಆಗಲ್ಲ. ಎಷ್ಟು ವರ್ಷ ಕಲಿತರೂ ಇದು ನಿಲ್ಲಲ್ಲ. ನನಗೆ ಇವತ್ತಿಗೂ ಆಗುತ್ತೆ. ಆದರೆ ಸ್ಪಾರಿಂಗ್, ಅಂದರೆ ಜೊತೆಗಾರನ ಎದುರು ನಿಂತು ಗುದ್ದಾಡೋ ಅಭ್ಯಾಸ, ಮಾಡಿ ಮಾಡಿ ಅದು ಪರಿಚಯದ ಭಯ ಆಗುತ್ತೆ. ಏಟು ಬಿದ್ದರೂ ಕಣ್ಣು ಮುಚ್ಚದೆ, ಉಸಿರು ಕಟ್ಟದೆ, ಕಾಲು ಕದಲಿಸೋದು ಬರುತ್ತೆ. ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಯಾವ ಕಲೆ ಅನ್ನೋದಕ್ಕಿಂತ, ಎದುರಿಗಿರೋನು ನಿಜವಾಗಿ ಹೊಡೆಯೋಕೆ, ನಿಜವಾಗಿ ಬೀಳಿಸೋಕೆ ಬರ್ತಾನಾ ಅಂತ ನೋಡು. ಸಾಲಾಗಿ ನಿಂತು ಗಾಳಿಗೆ ಗುದ್ದಿಸಿ ಬೆಲ್ಟ್ ಕೊಡೋ ಕಡೆ ಎರಡು ವರ್ಷ ಹೋದರೂ ಅವತ್ತಿನ ರಾತ್ರಿ ಮತ್ತೆ ಅದೇ ಆಗುತ್ತೆ.

ಇನ್ನು ಬಾಕ್ಸಿಂಗ್ ಕಲಿಸದೇ ಇರೋದನ್ನೂ ಹೇಳಬೇಕು. 2016ರಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಕುಡಿದು ನನ್ನ ತಮ್ಮನ ಮೇಲೆ ಕೈ ಮಾಡಿದ. ನಾನು ಮಧ್ಯೆ ಹೋದೆ. ಅವನು ತಲೆ ತಗ್ಗಿಸಿ ನುಗ್ಗಿದ, ನಾನು ಬಲಗೈ ಬಿಟ್ಟೆ. ಗಲ್ಲಕ್ಕೆ ಅಂತ ಬಿಟ್ಟಿದ್ದು ಹಣೆಗೆ ತಾಗಿತು. ಅವನು ಎರಡು ಹೆಜ್ಜೆ ಹಿಂದೆ ಹೋದ, ಅಷ್ಟೇ. ನನ್ನ ಕಿರುಬೆರಳಿನ ಬುಡದ ಮೂಳೆ ಮುರೀತು. ಐದು ವಾರ ಪ್ಲಾಸ್ಟರ್. ಡಾಕ್ಟರು ಎಕ್ಸ್‌ರೇ ನೋಡಿ, 'ಇದಕ್ಕೆ ಬಾಕ್ಸರ್ಸ್ ಫ್ರಾಕ್ಚರ್ ಅಂತಲೇ ಹೆಸರು' ಅಂದರು. ರಿಂಗ್‌ನಲ್ಲಿ ನಾವು ನಾಲ್ಕೂವರೆ ಮೀಟರ್ ಬಟ್ಟೆ ಕೈಗೆ ಸುತ್ತಿ ಅದರ ಮೇಲೆ ಗ್ಲೌಸ್ ಹಾಕ್ತೀವಿ. ಆ ಧೈರ್ಯದಲ್ಲೇ ತಲೆಗೆ ಹೊಡೆಯೋ ಅಭ್ಯಾಸ ಆಗಿರುತ್ತೆ. ಬರಿಗೈಗೆ ಅದು ತಡೆಯಲ್ಲ. ಮೈಕ್ ಟೈಸನ್ ಹೆವಿವೇಟ್ ವಿಶ್ವ ಚಾಂಪಿಯನ್ ಆಗಿದ್ದಾಗಲೇ, 1988ರ ಆಗಸ್ಟ್‌ನಲ್ಲಿ, ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಮಿಚ್ ಗ್ರೀನ್ ಅನ್ನೋ ಬಾಕ್ಸರ್ ಜೊತೆ ರಸ್ತೆಯಲ್ಲಿ ಹೊಡೆದಾಡಿ ಬಲಗೈ ಮೂಳೆ ಸೀಳಿಸಿಕೊಂಡ. ಅಂಥವನ ಕೈಯೇ ನಿಲ್ಲಲಿಲ್ಲ. ನನ್ನ ಹುಡುಗರಿಗೆ ಈಗ ಹೇಳೋದು, ಹೊರಗೆ ಕೈ ಎತ್ತಲೇಬೇಕು ಅಂತ ಬಂದರೆ ಅಂಗೈಯ ಬುಡದಿಂದ ಹೊಡೀರಿ, ಮುಷ್ಟಿ ಬೇಡ.

ಇನ್ನೊಂದು. ನಿನ್ನ ಜಗಳ ಶುರುವಾಗಿದ್ದೇ ಕೊರಳಪಟ್ಟಿ ಹಿಡಿಯೋದರಿಂದ. ಬಾಕ್ಸಿಂಗ್‌ನಲ್ಲಿ ಅಷ್ಟು ಹತ್ತಿರ ಬಂದು ತಬ್ಬಿಕೊಂಡರೆ ರೆಫ್ರಿ ಬಿಡಿಸ್ತಾನೆ. ನಮಗೆ ಅಲ್ಲಿಂದ ಮುಂದೆ ಗೊತ್ತೇ ಇರಲ್ಲ. ಅದಕ್ಕೇ ಕೈಗೆಟುಕುವಷ್ಟು ಹತ್ತಿರ ಯಾರನ್ನೂ ಬಿಟ್ಟುಕೊಳ್ಳಬಾರದು. ಎರಡೂ ಅಂಗೈ ಎದೆ ಮಟ್ಟಕ್ಕೆ ಎತ್ತಿ, 'ಬಿಡಿ ಅಣ್ಣಾ, ಆಗಿದ್ದು ಆಯ್ತು' ಅಂತ ಹೇಳ್ತಾ ಪಕ್ಕಕ್ಕೆ ಸರಿಯೋದು. ನೋಡಿದವರಿಗೆ ಕೈ ಮುಗಿದ ಹಾಗೆ ಕಾಣುತ್ತೆ, ನಿನ್ನ ಕೈ ಮಾತ್ರ ಮುಖದ ಹತ್ತಿರವೇ ಇರುತ್ತೆ. ಇದನ್ನ ನಾನು ಮೊದಲ ವಾರವೇ ಕಲಿಸ್ತೀನಿ.

ಕೋಲಾರದಿಂದ, ದೈಹಿಕ ಶಿಕ್ಷಣದ ಟೀಚರ್

ನಾನು ಕಾಲೇಜಿನಲ್ಲಿ ಜೂಡೋ ಆಡುತ್ತಿದ್ದೆ. ಜಿಗೊರೊ ಕಾನೊ 1882ರಲ್ಲಿ ಟೋಕಿಯೋದಲ್ಲಿ ಜೂಡೋ ಶುರುಮಾಡಿದಾಗಿನಿಂದ ಇವತ್ತಿನವರೆಗೂ ಮೊದಲ ಪಾಠ ಬೀಳೋದು. ಗಲ್ಲ ಎದೆಗೆ ಒತ್ತಿ, ಬೆನ್ನು ಗುಂಡಗೆ ಮಾಡಿ, ಉಸಿರು ಬಿಡುತ್ತಾ, ಕೈಯನ್ನ ನೆಲಕ್ಕೆ ಚಪ್ಪರಿಸಿ ಬೀಳಬೇಕು. ನಮ್ಮ ಸರ್ ಮೊದಲ ತಿಂಗಳು ಅದನ್ನ ಬಿಟ್ಟು ಬೇರೆ ಏನೂ ಮಾಡಿಸಲಿಲ್ಲ. ಆಗ ಕೋಪ ಬರುತ್ತಿತ್ತು.

ಆರು ವರ್ಷದ ಹಿಂದೆ ಬಂಗಾರಪೇಟೆ ರಸ್ತೆಯಲ್ಲಿ ನಾಯಿ ಅಡ್ಡ ಬಂದು ಸ್ಕೂಟಿಯಿಂದ ಹಾರಿ ಬಿದ್ದೆ. ಮೊಣಕೈ ತರಚಿತು, ತಲೆಗೆ ಏನೂ ಆಗಲಿಲ್ಲ. ಗಲ್ಲ ಯಾವಾಗ ಎದೆಗೆ ಒತ್ತಿದೆನೋ ನನಗೇ ಗೊತ್ತಿಲ್ಲ. ಜಗಳದಲ್ಲೂ ತಳ್ಳಿದರೆ ಮೊದಲು ಆಗೋದು ಇದೇ ಅಲ್ವಾ, ಬೀಳೋದು. ಅದಕ್ಕೇ ಎಲ್ಲಿಗೆ ಸೇರಿದರೂ ಬೀಳೋದನ್ನ ಕಲಿಸ್ತಾರಾ ಅಂತ ಕೇಳಿ.

ನಾನು ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಹೇಳಿಕೊಡುತ್ತೇನೆ. ಮೊದಲ ವರ್ಷ ನಾನು ಒಂದು ತಪ್ಪು ಮಾಡಿದೆ. ಮಣಿಕಟ್ಟು ಹಿಡಿದರೆ ಹೆಬ್ಬೆರಳಿನ ಕಡೆಗೆ ತಿರುಗಿಸಿ ಬಿಡಿಸಿಕೊಳ್ಳೋದನ್ನ ಕಲಿಸಿದೆ. ಮಕ್ಕಳು ಚೆನ್ನಾಗಿ ಮಾಡಿದರು, ಪೋಷಕರು ಚಪ್ಪಾಳೆ ಹೊಡೆದರು. ಆಮೇಲೆ ಕಬಡ್ಡಿ ಆಡೋ ಹುಡುಗಿಯೊಬ್ಬಳಿಗೆ, 'ಬಿಡಬೇಡ, ಗಟ್ಟಿಯಾಗಿ ಹಿಡಿ' ಅಂದೆ. ಒಬ್ಬಳಿಗೂ ಬಿಡಿಸಿಕೊಳ್ಳೋಕೆ ಆಗಲಿಲ್ಲ. ಅಷ್ಟು ದಿನ ಗೆಳತಿಯರು ಒಬ್ಬರಿಗೊಬ್ಬರು ಸುಮ್ನೆ ಬಿಟ್ಟುಕೊಡುತ್ತಿದ್ದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಸುಳ್ಳು ಧೈರ್ಯ ಕೊಟ್ಟು ಮನೆಗೆ ಕಳಿಸುತ್ತಿದ್ದೆನಲ್ಲ ಅನ್ನಿಸಿತು. ಈಗ ಹಿಡಿಯೋರು ನಿಜವಾಗಿ ಹಿಡೀಬೇಕು ಅನ್ನೋದು ನನ್ನ ಕ್ಲಾಸಿನ ನಿಯಮ. ಬಟವಾಡಿ ಸರ್ ಹೇಳಿದ್ದೂ ಇದನ್ನೇ.

ಮತ್ತೆ, ನೀವು ಬಾಯಿಂದ ಮಾತು ಬರಲಿಲ್ಲ ಅಂದಿರಿ. ಅದನ್ನೂ ಕಲಿಯಬಹುದು. ನನ್ನ ಕ್ಲಾಸಿನಲ್ಲಿ ಮೊದಲ ದಿನ 'ಬಿಡೋ!' ಅಂತ ಕೂಗು ಅಂದರೆ ಮಕ್ಕಳ ಗಂಟಲಿಂದ ಗಾಳಿ ಬರುತ್ತೆ, ಧ್ವನಿ ಬರಲ್ಲ. ಮೈದಾನದ ಒಂದು ತುದಿಯಲ್ಲಿ ನಾನು ನಿಲ್ಲುತ್ತೇನೆ, ಇನ್ನೊಂದು ತುದಿಯಿಂದ ಕೂಗಬೇಕು. ಎರಡನೇ ವಾರಕ್ಕೆ ಪಕ್ಕದ ಮನೆಯವರು ಹೊರಗೆ ಬಂದು ನೋಡುತ್ತಾರೆ. ಉಸಿರು ಹೊರಗೆ ಬಂದರೆ ಮೈಯೂ ಕದಲುತ್ತೆ.

ಚಿಕ್ಕಬಳ್ಳಾಪುರದಿಂದ, ಕುಸ್ತಿ

ಕುಸ್ತಿಯೇ ಸರಿ ಅಂತ ನಾನು ನಂಬಿದ್ದೆ. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ, ಅಂದರೆ ಬೇರೆ ಬೇರೆ ಕಲೆಯವರು ಎದುರುಬದುರಾಗಿ ಹೊಡೆದಾಡೋ ಪಂದ್ಯಾವಳಿ, ನಡೆದಾಗ, ತನಗಿಂತ ಭಾರದವರನ್ನ ನೆಲಕ್ಕೆ ಕೆಡವಿ, ಹಿಡಿತ ಹಾಕಿ ಒಂದೇ ರಾತ್ರಿ ಮೂವರನ್ನ ಸೋಲಿಸಿದ್ದು ರಾಯ್ಸ್ ಗ್ರೇಸಿ. ನೆಲದ ಆಟ ಗೊತ್ತಿದ್ದವನೇ ಗೆಲ್ಲೋದು ಅಂತ ನಮ್ಮ ಹುಡುಗರೆಲ್ಲ ಮಾತಾಡಿಕೊಳ್ಳುತ್ತಿದ್ದೆವು.

ನಂದಿ ಶಿವರಾತ್ರಿ ಜಾತ್ರೆಯಲ್ಲಿ ಗಾಡಿ ನಿಲ್ಲಿಸೋ ವಿಷಯಕ್ಕೆ ಜಗಳ ಆಯಿತು. ಒಬ್ಬನ ಎರಡೂ ಕಾಲು ಹಿಡಿದು ಎತ್ತಿ ಕೆಡವಿದೆ. ಮ್ಯಾಟ್ ಮೇಲೆ ಆಗಿದ್ದರೆ ಅಂಕ ಸಿಗುತ್ತಿತ್ತು. ಅಲ್ಲಿ ಜಲ್ಲಿಕಲ್ಲಿಗೆ ನನ್ನ ಮಂಡಿ ಹರೀತು. ಅವನ ಮೇಲೆ ಕೂತಿದ್ದೆ, ಹಿಂದಿನಿಂದ ಅವನ ಗೆಳೆಯ ಕಿವಿಗೆ ಒದ್ದ. ಎಡಗಿವಿ ತಮಟೆ ತೂತಾಯಿತು, ವಾಸಿಯಾಗೋಕೆ ಎರಡು ತಿಂಗಳು. ನಿಮಗೂ ಬಂದವರು ಇಬ್ಬರು. ಡೆನ್ವರ್‌ನಲ್ಲಿ ಹಿಂದಿನಿಂದ ಒದೆಯೋರು ಯಾರೂ ಇರಲಿಲ್ಲ.

ಆದರೂ ಕುಸ್ತಿಯಿಂದ ಲಾಭ ಇದೆ. ಕೊರಳಪಟ್ಟಿ ಹಿಡಿದರೆ ನನಗೆ ಗಾಬರಿ ಆಗಲ್ಲ, ದಿನಾ ಯಾರಾದರೂ ಹಿಡಿದು ಎಳೆಯುತ್ತಲೇ ಇರುತ್ತಾರೆ. ನನ್ನನ್ನ ಬೀಳಿಸೋದೂ ಸುಲಭ ಅಲ್ಲ. ಕೆಡವೋಕೆ ಕಲಿಯೋದಕ್ಕಿಂತ ಬೀಳದೇ ನಿಲ್ಲೋಕೆ, ಬಿದ್ದರೆ ಬೇಗ ಏಳೋಕೆ ಕುಸ್ತಿ ಕಲೀರಿ.

ಕುಣಿಗಲ್ ಕಡೆಯಿಂದ

ಎಲ್ಲರೂ ಜಾಸ್ತಿ ಹೆದರಿಸುತ್ತಿದ್ದೀರಿ. ನಾನು ಏನೂ ಕಲಿತಿಲ್ಲ. ಒಂದು ಸಲ ತಿರುಗಿ ಎರಡು ಕೊಟ್ಟೆ, ಅವನು ಓಡಿ ಹೋದ. ಮೊದಲು ಹೊಡೆದವನೇ ಗೆಲ್ಲೋದು.

ತುಮಕೂರಿನಿಂದ, ಎಮರ್ಜೆನ್ಸಿ ವಾರ್ಡಿನ ನರ್ಸ್

ಕುಣಿಗಲ್ ಅಣ್ಣಾ, ನಿಮ್ಮಿಂದ ಏಟು ತಿಂದವನು ಎದ್ದು ಓಡಿದ್ದು ನಿಮ್ಮ ಪುಣ್ಯ. ಹಬ್ಬ, ಮದುವೆ ಸೀಸನ್‌ನಲ್ಲಿ ನಮ್ಮ ರಾತ್ರಿ ಡ್ಯೂಟಿಗೆ ಬರುವ ಜಗಳದ ಕೇಸುಗಳಲ್ಲಿ ನನಗೆ ಭಯ ಆಗೋದು ಮುಖಕ್ಕೆ ಏಟು ಬಿದ್ದವರನ್ನ ನೋಡಿ ಅಲ್ಲ. ಒಂದೇ ಏಟಿಗೆ ಆಯ ತಪ್ಪಿ ಹಿಂದಕ್ಕೆ ಬಿದ್ದು, ತಲೆಯ ಹಿಂಭಾಗ ಸಿಮೆಂಟಿಗೋ ಡಾಂಬರಿಗೋ ಬಡಿದವರನ್ನ ನೋಡಿ. ಬಂದಾಗ ಮಾತಾಡುತ್ತಿರುತ್ತಾರೆ. 'ಏನಿಲ್ಲ ಸಿಸ್ಟರ್, ಮನೆಗೆ ಹೋಗ್ತೀನಿ' ಅಂತಾರೆ. ತಲೆಬುರುಡೆಯ ಒಳಗೆ ರಕ್ತ ನಿಧಾನಕ್ಕೆ ಸೇರುತ್ತಿದ್ದರೆ ಕೆಲವು ಗಂಟೆ ಆದ ಮೇಲೆ ವಾಂತಿ, ಮಂಪರು ಶುರುವಾಗುತ್ತೆ. ಹೊಡೆದವನಿಗೆ ಕೊಲ್ಲೋ ಮನಸ್ಸೇ ಇರಲ್ಲ. ಹೊರಗೆ ಬೆಂಚಿನ ಮೇಲೆ ಕೂತು ಅಳುತ್ತಿರುತ್ತಾನೆ. ಅಂಥವರನ್ನ ನಾನು ನೋಡಿದ್ದೇನೆ.

ಜಗಳದಲ್ಲಿ ಯಾರೇ ತಲೆ ಬಡಿಸಿಕೊಂಡು ಸ್ವಲ್ಪ ಹೊತ್ತಾದರೂ ಎಚ್ಚರ ತಪ್ಪಿದ್ದರೆ, ಮಲಗಿ ಎದ್ದರೆ ಸರಿಹೋಗುತ್ತೆ ಅಂತ ಬಿಡಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಬನ್ನಿ.

ಚಾಕು ಬಂದರೆ ಓಡಿ. ಕೈ ಅಡ್ಡ ಕೊಟ್ಟು ಬೆರಳಿನ ನರ ಕತ್ತರಿಸಿಕೊಂಡವರಲ್ಲಿ ಜಿಮ್‌ಗೆ ಹೋಗೋ ಗಟ್ಟಿ ಹುಡುಗರೂ ಇದ್ದರು.

ತುಮಕೂರಿನಿಂದ, ಕೋರ್ಟಿನಲ್ಲಿ ಜೂನಿಯರ್ ವಕೀಲರು

ನನ್ನ ಕಡೆಯಿಂದ ಜಗಳ ಮುಗಿದ ಮೇಲಿನ ಮಾತು. ನಿಮ್ಮ ಮೈ ಕಾಪಾಡಿಕೊಳ್ಳೋ ಹಕ್ಕು ಕಾನೂನಿನಲ್ಲಿ ಇದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಅದರ ಬಗ್ಗೆಯೇ ಇವೆ. ಆದರೆ 37ನೇ ಕಲಂ ಓದಿ. ಕಾಪಾಡಿಕೊಳ್ಳೋಕೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಅವನು ಬೆನ್ನು ತಿರುಗಿಸಿ ಹೊರಟ ಮೇಲೆ, ಅಥವಾ ನೆಲಕ್ಕೆ ಬಿದ್ದು ಸುಮ್ಮನಾದ ಮೇಲೆ ಕೊಟ್ಟ ಏಟಿಗೆ ಆ ರಕ್ಷಣೆ ಸಿಗೋದು ಕಷ್ಟ.

ಮೂಳೆ ಅಥವಾ ಹಲ್ಲು ಮುರಿದರೆ ಅದು ಸಾಮಾನ್ಯ ಗಾಯ ಅಲ್ಲ, ತೀವ್ರ ಗಾಯ. 117ನೇ ಕಲಂ ಪ್ರಕಾರ 7 ವರ್ಷದವರೆಗೆ ಶಿಕ್ಷೆ ಆಗಬಹುದು. ಕಪಾಳಕ್ಕೆ ಹೊಡೆದದ್ದು 115ರ ಕೆಳಗೆ ಬರುತ್ತೆ, ಹೆಚ್ಚೆಂದರೆ 1 ವರ್ಷ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಅವತ್ತು ನೀವು ತಿರುಗಿ ಹೊಡೆದು ಅವನ ಹಲ್ಲು ಉದುರಿದ್ದರೆ ದೊಡ್ಡ ಕೇಸು ನಿಮ್ಮ ಮೇಲೆ ಇರುತ್ತಿತ್ತು. ಒಬ್ಬರು ದೂರು ಕೊಟ್ಟರೆ ಇನ್ನೊಬ್ಬರು ಕೌಂಟರ್ ಕೇಸ್ ಹಾಕೋದು ಇಲ್ಲಿ ಮಾಮೂಲು. ಆಮೇಲೆ ಹಿಯರಿಂಗ್‌ಗೆ ಅಂತ ರಜೆ ಹಾಕಿ ಅಲೆಯಬೇಕು. ನನ್ನ ಕಕ್ಷಿದಾರರೊಬ್ಬರು ಅಂಥದ್ದೇ ಕೇಸಿನಿಂದ ಪಾಸ್‌ಪೋರ್ಟ್‌ಗೆ ಪರದಾಡುತ್ತಿದ್ದಾರೆ.

ಇನ್ನೊಮ್ಮೆ ಹೀಗಾದರೆ ಕಾರಿನ ನಂಬರ್ ಗಮನಿಸಿ, 112ಕ್ಕೆ ಫೋನ್ ಮಾಡಿ, ಹತ್ತಿರದ ಅಂಗಡಿ ಕ್ಯಾಮೆರಾ ಎಲ್ಲಿದೆ ನೋಡಿಕೊಳ್ಳಿ. ಗಾಯ ಆಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಹಲ್ಲೆಯಿಂದ ಆದದ್ದು ಅಂತ ಬರೆಸಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ದಿನದಿಂದ ಇದನ್ನೇ ಓದುತ್ತಿದ್ದೇನೆ. ನರ್ಸ್ ಅಕ್ಕ ಬರೆದದ್ದು ಓದಿದ ಮೇಲೆ ತಿರುಗಿ ಹೊಡೆಯಲಿಲ್ಲ ಅನ್ನೋ ಸಂಕಟ ಸ್ವಲ್ಪ ಕಡಿಮೆ ಆಯಿತು. ಆದರೆ ಮರಗಟ್ಟಿ ನಿಲ್ಲೋದು ಮಾತ್ರ ಇನ್ನೊಮ್ಮೆ ಬೇಡ. ಪಕ್ಕಕ್ಕೆ ಸರಿಯೋಕಾದರೂ, ಕೂಗೋಕಾದರೂ ಮೈ ನನ್ನ ಮಾತು ಕೇಳಬೇಕು.

ನಿನ್ನೆ ರಾತ್ರಿ ಕ್ಯಾತ್ಸಂದ್ರದ ಹತ್ತಿರ ಬೈಕ್ ನಿಲ್ಲಿಸಿ, ಯಾರೂ ಇಲ್ಲದ ಕಡೆ 'ಬಿಡೋ' ಅಂತ ಕೂಗಿ ನೋಡಿದೆ. ಟೀಚರ್ ಹೇಳಿದ್ದು ನಿಜ, ಮೊದಲು ಗಾಳಿಯೇ ಬಂತು. ನಾಲ್ಕನೇ ಸಲಕ್ಕೆ ಧ್ವನಿ ಬಂತು.

ಬಟವಾಡಿ ಅಣ್ಣಾ, ನನಗೆ ಬೆಳಿಗ್ಗೆ ಮಾತ್ರ ಬಿಡುವು. ಸೇರಬಹುದಾ? ಸ್ಪಾರಿಂಗ್ ಯಾವಾಗಿನಿಂದ ಮಾಡಿಸ್ತೀರಿ?

ಬಟವಾಡಿಯಿಂದ

ಬಾ ತಮ್ಮಾ. ಬೆಳಿಗ್ಗೆ ಆರಕ್ಕೆ ಶುರು. ರಾತ್ರಿ ನೀನು ಮಲಗೋದೇ ಹನ್ನೆರಡೂವರೆ ಆಗುತ್ತೆ, ಅದಕ್ಕೆ ಸೆಕೆಂಡ್ ಶಿಫ್ಟ್ ಇರೋ ವಾರ ಏಳೂವರೆ ಬ್ಯಾಚಿಗೆ ಬಾ, ನಿದ್ದೆ ಕೆಡಿಸ್ಕೋಬೇಡ. ಮೊದಲ ಎರಡು ತಿಂಗಳು ಸ್ಕಿಪ್ಪಿಂಗ್, ಕಾಲಿನ ಕೆಲಸ, ಜ್ಯಾಬ್ (ಮುಂದಿನ ಕೈಯ ನೇರ ಗುದ್ದು). ಮೂರನೇ ತಿಂಗಳಿನಿಂದ ಭುಜ, ಹೊಟ್ಟೆಗೆ ಮಾತ್ರ ಮೆಲ್ಲಗೆ ಸ್ಪಾರಿಂಗ್. ತಲೆಗೆ ಹೊಡೆಯೋ ಸ್ಪಾರಿಂಗ್ ಆಮೇಲೆ, ಅದೂ ಹೆಡ್‌ಗಾರ್ಡ್ ಹಾಕಿ, ಅದೂ ನಿನಗೆ ಬೇಕು ಅನ್ನಿಸಿದರೆ. ಟೀಚರಮ್ಮ ಹೇಳಿದ ಬೀಳೋ ಅಭ್ಯಾಸ ನನಗೆ ಬರಲ್ಲ. ಜೂಡೋ ಗೊತ್ತಿರೋ ಹುಡುಗ ಒಬ್ಬ ಇದ್ದಾನೆ, ಭಾನುವಾರ ಅವನ ಹತ್ತಿರ ಹೇಳಿಸ್ತೀನಿ, ನಾನೂ ಕಲೀತೀನಿ.

ಕೈಗೆ ಸುತ್ತೋ ಬಟ್ಟೆ ಒಂದು ಜೊತೆ, ಹಲ್ಲಿನ ಗಾರ್ಡ್ ಒಂದು ತಗೊಂಡು ಬಾ. ಗ್ಲೌಸ್ ಈಗಲೇ ಕೊಳ್ಳಬೇಡ, ನಮ್ಮಲ್ಲಿ ಇವೆ.